ರಿಪೋರ್ಟ್ ನಾರ್ಮಲ್ ಬಂದ ಮೇಲೆ

ಮೂತ್ರ ಪರೀಕ್ಷೆಯ ಕಾಗದವನ್ನು ಡಾಕ್ಟರು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಕೀವಿಲ್ಲ, ಸಕ್ಕರೆಯಿಲ್ಲ, ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ. "ಎಲ್ಲ ನಾರ್ಮಲ್ ಇದೆಯಮ್ಮ, ಹೆದರಬೇಡಿ" ಅನ್ನುತ್ತಾರೆ. ಜೊತೆಗೆ ಬಂದವರ ಮುಖ ಅರಳುತ್ತದೆ. ಕುರ್ಚಿಯಲ್ಲಿ ಕೂತವಳಿಗೆ ಮಾತ್ರ ಅಳು ಒತ್ತರಿಸಿ ಬರುತ್ತದೆ. ಕಿಬ್ಬೊಟ್ಟೆಯಲ್ಲಿ ಕೆಂಡ ಇಟ್ಟಂಥ ಉರಿ ಆ ಗಳಿಗೆಯಲ್ಲೂ ಇದೆ. ಆಸ್ಪತ್ರೆಗೆ ಬರುವ ಮುಕ್ಕಾಲು ಗಂಟೆಯ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿದ್ದಾಗಿದೆ, ಹಿಂದಿನ ರಾತ್ರಿ ಆರು ಸಲ ಎದ್ದದ್ದಾಗಿದೆ. ನೋವು ಮೈಯಲ್ಲಿದೆ, ಕಾಗದದಲ್ಲಿಲ್ಲ.

ಅಲ್ಲಿಂದ ಮುಂದಿನದು ಒಂಟಿ ದಾರಿ. ಮನೆಯವರು ಬಾಯಿಬಿಟ್ಟು ಏನೂ ಹೇಳದಿದ್ದರೂ ಮುಂದಿನ ಸಲ ನರಳಿದಾಗ "ಡಾಕ್ಟರೇ ಏನೂ ಇಲ್ಲ ಅಂದರಲ್ಲ" ಎಂಬ ಮಾತು ಕಣ್ಣಲ್ಲಿ ಇಣುಕುತ್ತದೆ. ಈ ಕಾಯಿಲೆಯ ಚರಿತ್ರೆ, ವಿಜ್ಞಾನ, ಚಿಕಿತ್ಸೆ ಮೂರನ್ನೂ ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಮಾತು ಒಂದೇ: ಇಲ್ಲಿ ಶುದ್ಧವಾದ ರಿಪೋರ್ಟ್ ಎಂದರೆ ಕಾಯಿಲೆ ಇಲ್ಲವೆಂಬ ತೀರ್ಪಲ್ಲ. ಅದು ಕಾಯಿಲೆಯನ್ನು ಗುರುತಿಸುವ ಕೆಲಸದ ಮೊದಲರ್ಧ. ಉಳಿದರ್ಧ ರೋಗಿಯ ಮಾತನ್ನು ಕೇಳುವುದರಲ್ಲಿದೆ.

ಉರಿಮೂತ್ರವಲ್ಲದ ಉರಿ

ವೈದ್ಯರ ಭಾಷೆಯಲ್ಲಿ ಇದಕ್ಕೆ ಎರಡು ಹೆಸರು. ಹಳೆಯದು ಇಂಟರ್‌ಸ್ಟೀಷಿಯಲ್ ಸಿಸ್ಟೈಟಿಸ್, ಚಿಕ್ಕದಾಗಿ ಐಸಿ. ಹೊಸದು ಬ್ಲ್ಯಾಡರ್ ಪೇನ್ ಸಿಂಡ್ರೋಮ್, ಅಂದರೆ ಮೂತ್ರಕೋಶದ ನೋವಿನ ಕಾಯಿಲೆ. ಸೋಂಕು ಅಥವಾ ಬೇರೆ ಸ್ಪಷ್ಟ ಕಾರಣ ಇಲ್ಲದಿದ್ದರೂ ಮೂತ್ರಕೋಶಕ್ಕೆ ಸಂಬಂಧಿಸಿದಂತೆ ತೋರುವ ನೋವು, ಒತ್ತಡ ಅಥವಾ ಕಿರಿಕಿರಿ ಇದ್ದು, ಜೊತೆಗೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು ಆರು ವಾರ ಮೀರಿ ಮುಂದುವರಿದರೆ ಅಮೆರಿಕದ ಯೂರಾಲಜಿ ಸಂಘದ ಮಾರ್ಗಸೂಚಿ ಅದನ್ನು ಈ ಹೆಸರಿನಿಂದ ಕರೆಯುತ್ತದೆ. ಯುರೋಪಿನ ತಜ್ಞರ ಕೂಟ 2008ರಲ್ಲಿ ಆರು ತಿಂಗಳ ಗಡುವು ಹಾಕಿತ್ತು.

ನಮ್ಮ ಮನೆಗಳಲ್ಲಿ ಇದಕ್ಕೆ ಹತ್ತಿರದ ಮಾತು 'ಉರಿಮೂತ್ರ', ಇಲ್ಲವೇ 'ಉಷ್ಣ ಆಗಿದೆ'. ಎಳನೀರು, ಬಾರ್ಲಿ ನೀರು, ಜೀರಿಗೆ ನೀರು ಎಲ್ಲ ಸರಬರಾಜಾಗುತ್ತವೆ. ಆಯುರ್ವೇದ 'ಮೂತ್ರಕೃಚ್ಛ್ರ' ಎನ್ನುತ್ತದೆ, ಚರಕಸಂಹಿತೆ ಅದರಲ್ಲಿ ಎಂಟು ಬಗೆ ಹೇಳುತ್ತದೆ. ಈ ಪದಗಳೆಲ್ಲ ಮೂತ್ರ ಮಾಡುವ ಹೊತ್ತಿನ ಕಷ್ಟವನ್ನು ಹೇಳುವಂಥವು. ಐಸಿಯ ನೋವು ಹೆಚ್ಚಿನವರಲ್ಲಿ ಅದಕ್ಕೆ ಮೊದಲೇ, ಮೂತ್ರಕೋಶ ತುಂಬುತ್ತಾ ಹೋದಂತೆ ಏರುತ್ತದೆ. ಖಾಲಿ ಮಾಡಿದಾಗ ಸ್ವಲ್ಪ ಹೊತ್ತು ಇಳಿದು ಮತ್ತೆ ಶುರುವಾಗುತ್ತದೆ. ಆರೋಗ್ಯವಂತರ ಮೂತ್ರಕೋಶ 400-500 ಮಿಲಿಲೀಟರ್ ಹಿಡಿಯಬಲ್ಲದು. ಇವರಿಗೆ ಒಂದು ಲೋಟದಷ್ಟು ತುಂಬುವ ಮೊದಲೇ ಒಳಗಿನಿಂದ ಹಿಂಡಿದಂತಾಗಬಹುದು. ಆದ್ದರಿಂದ "ಉರಿಮೂತ್ರವಾ?" ಎಂದು ಕೇಳಿದರೆ ರೋಗಿ ತಡವರಿಸುತ್ತಾರೆ. ಹೌದು ಅಂದರೆ ಸೋಂಕಿನ ಮಾತ್ರೆ ಸಿಗುತ್ತದೆ, ಇಲ್ಲ ಅಂದರೆ ಏನೂ ಇಲ್ಲವೆಂದಾಗುತ್ತದೆ.

ಇನ್ನೊಂದು ಗೊಂದಲವೂ ಇದೆ. ಮೂತ್ರ ತಡೆಯಲಾಗದೆ ಓಡುವವರೆಲ್ಲ ಒಂದೇ ಅಲ್ಲ. ಅತಿಚುರುಕಿನ ಮೂತ್ರಕೋಶವಿದ್ದವರು ಬಟ್ಟೆಯಲ್ಲೇ ಆಗಿಬಿಟ್ಟೀತೆಂದು ಓಡುತ್ತಾರೆ. ಐಸಿ ಇದ್ದವರು ನೋವು ತಾಳಲಾರದೆ ಓಡುತ್ತಾರೆ. ಓಟ ಒಂದೇ ಆದರೂ ಭಯ ಬೇರೆ, ಚಿಕಿತ್ಸೆಯೂ ಬೇರೆ.

ನೂರು ವರ್ಷದ ಅಪನಂಬಿಕೆ

ಇಂಟರ್‌ಸ್ಟೀಷಿಯಲ್ ಸಿಸ್ಟೈಟಿಸ್ ಎಂಬ ಹೆಸರು ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ, ಅಮೆರಿಕದ ಸ್ತ್ರೀರೋಗ ತಜ್ಞ ಅಲೆಕ್ಸಾಂಡರ್ ಸ್ಕೀನ್ ಅವರ ಬರವಣಿಗೆಯ ಮೂಲಕ. 1915ರಲ್ಲಿ ಬಾಲ್ಟಿಮೋರಿನ ಗೈ ಹನ್ನರ್ ಕೆಲವು ಹೆಂಗಸರ ಮೂತ್ರಕೋಶದ ಒಳಗೋಡೆಯಲ್ಲಿ ಕೆಂಪು ಗಾಯಗಳನ್ನು ಕಂಡು ಬರೆದರು. ಅವುಗಳನ್ನು ಇಂದಿಗೂ ಹನ್ನರ್ ಗಾಯ ಎಂದೇ ಕರೆಯುತ್ತಾರೆ. ಇದು ದೊಡ್ಡ ಹೆಜ್ಜೆಯೇ ಹೌದು. ಆದರೆ ಅದರ ಹಿಂದೆಯೇ ಒಂದು ಅನ್ಯಾಯವೂ ನಡೆದುಬಂತು. ಗಾಯ ಕಂಡರೆ ಕಾಯಿಲೆ, ಕಾಣದಿದ್ದರೆ ಮನಸ್ಸಿನ ತೊಂದರೆ ಎಂಬ ಎಣಿಕೆ ಬೇರೂರಿತು. ಈ ಗಾಯ ಇರುವುದು ರೋಗಿಗಳಲ್ಲಿ ಸಣ್ಣ ಪಾಲಿಗೆ ಮಾತ್ರ. ಉಳಿದವರನ್ನು ದಶಕಗಳ ಕಾಲ ಹೆದರುಪುಕ್ಕರೆಂದು, ಮದುವೆಯಾದರೆ ಸರಿಹೋಗುತ್ತದೆಂದು, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕೆಂದು ಹೇಳಿ ಕಳುಹಿಸಲಾಯಿತು.

ಈ ಕಟ್ಟನ್ನು ಒಡೆದದ್ದು ಒಬ್ಬ ರೋಗಿ. ವಿಕಿ ರ‍್ಯಾಟ್ನರ್ ಅಮೆರಿಕದಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ ಈ ನೋವಿಗೆ ಸಿಕ್ಕರು. ಕಂಡ ವೈದ್ಯರಿಂದ ಉತ್ತರ ಸಿಗದೆ ಗ್ರಂಥಾಲಯದಲ್ಲಿ ತಾವೇ ಹುಡುಕಿ ತಮ್ಮ ಕಾಯಿಲೆಯ ಹೆಸರು ಕಂಡುಕೊಂಡರು. 1984ರಲ್ಲಿ ಇಂಟರ್‌ಸ್ಟೀಷಿಯಲ್ ಸಿಸ್ಟೈಟಿಸ್ ಅಸೋಸಿಯೇಷನ್ ಕಟ್ಟಿದರು. ಟೆಲಿವಿಷನ್ನಿನಲ್ಲಿ ತಮ್ಮ ಅನುಭವ ಹೇಳಿದಾಗ ಸಾವಿರಾರು ಪತ್ರಗಳು ಬಂದವು. ಅಪರೂಪದ್ದೆಂದು ಪುಸ್ತಕಗಳು ಹೇಳಿದ್ದ ಕಾಯಿಲೆ ಮನೆಮನೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು. ಮುಂದೆ ಅವರು ಮೂಳೆ ಶಸ್ತ್ರವೈದ್ಯೆಯಾದರು, ಸಂಶೋಧನೆಗೆ ಸರ್ಕಾರದ ಹಣ ಬರಲೆಂದು ವಾಷಿಂಗ್ಟನ್ನಿಗೆ ಎಡತಾಕಿದರು.

1987ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸಂಶೋಧಕರಿಗಾಗಿ ಬಿಗಿಯಾದ ಮಾನದಂಡ ರೂಪಿಸಿತು. ಪ್ರಯೋಗಕ್ಕೆ ಒಂದೇ ಬಗೆಯ ರೋಗಿಗಳು ಬೇಕೆಂಬುದು ಅದರ ಉದ್ದೇಶ. ಆದರೆ ಕ್ಲಿನಿಕ್ಕುಗಳೂ ಅದೇ ಅಳತೆಗೋಲು ಹಿಡಿದವು. 1999ರ ಒಂದು ವಿಶ್ಲೇಷಣೆ, ಅನುಭವಿ ವೈದ್ಯರು ಐಸಿ ಎಂದು ಗುರುತಿಸಿದವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಆ ಮಾನದಂಡದಿಂದ ಹೊರಗುಳಿಯುತ್ತಾರೆಂದು ತೋರಿಸಿತು. ಅಳತೆಗೋಲು ಬದಲಾದಂತೆ ಲೆಕ್ಕವೂ ಬದಲಾಯಿತು. 1975ರ ಫಿನ್ಲೆಂಡ್ ಅಧ್ಯಯನದಲ್ಲಿ ಕಂಡದ್ದು ಒಂದು ಲಕ್ಷ ಹೆಂಗಸರಲ್ಲಿ ಸುಮಾರು 18 ಜನ. 2011ರಲ್ಲಿ ಪ್ರಕಟವಾದ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಸಮೀಕ್ಷೆಯಲ್ಲಿ ನೂರು ಮಹಿಳೆಯರಲ್ಲಿ 2.7ರಿಂದ 6.5ರಷ್ಟು ಮಂದಿಗೆ ಈ ಲಕ್ಷಣಗಳಿದ್ದವು. ಅವರಲ್ಲಿ ಹತ್ತಕ್ಕೆ ಒಬ್ಬರಿಗೂ ಕಾಯಿಲೆಯ ಹೆಸರು ಸಿಕ್ಕಿರಲಿಲ್ಲ. ಗಂಡಸರನ್ನು ಅದೇ ಬಗೆಯಲ್ಲಿ ಕೇಳಿದಾಗ ನೂರಕ್ಕೆ 1.9ರಿಂದ 4.2ರಷ್ಟು ಮಂದಿ ಕಂಡರು. 'ಹೆಂಗಸರ ಕಾಯಿಲೆ' ಎಂಬ ಮಾತು ಅಲ್ಲಿಗೆ ಸಡಿಲವಾಯಿತು. ಗಂಡಸರ ಇದೇ ನೋವು ಬಹಳ ಸಲ ಪ್ರಾಸ್ಟೇಟ್ ಊತದ ಹೆಸರಿನಲ್ಲಿ ವರ್ಷಗಟ್ಟಲೆ ಅಲೆದಾಡುತ್ತದೆ.

ನೋವು ಎಲ್ಲಿಂದ ಬರುತ್ತದೆ

ಒಂದೇ ಕಾರಣಕ್ಕೆ ಬೆರಳು ತೋರಿಸಲು ಯಾರಿಗೂ ಆಗಿಲ್ಲ. ಹಲವು ಕಾರಣಗಳು ಹೆಣೆದುಕೊಂಡಿವೆ. ಮೂತ್ರಕೋಶದ ಒಳಮೈಗೆ ಲೋಳೆಯಂಥ ತೆಳುವಾದ ಹೊದಿಕೆ ಇರುತ್ತದೆ. ಮೂತ್ರದ ಲವಣಗಳು ಗೋಡೆಗೆ ತಾಗದಂತೆ ಅದು ಕಾಯುತ್ತದೆ. ಕೆಲವರಲ್ಲಿ ಆ ಹೊದಿಕೆ ಸವೆದು, ಲವಣಗಳು ಒಳಗಿಳಿದು ನರಗಳನ್ನು ಕೆಣಕುತ್ತವೆಂಬುದು ಹೆಚ್ಚು ಚರ್ಚೆಯಾದ ವಿವರಣೆ. ಅಲರ್ಜಿಯಲ್ಲಿ ಕೆಲಸ ಮಾಡುವ ಮಾಸ್ಟ್ ಕೋಶಗಳು ಕೆಲವರ ಮೂತ್ರಕೋಶದ ಗೋಡೆಯಲ್ಲಿ ಜಾಸ್ತಿ ಕಂಡಿವೆ. ಬಹುಕಾಲ ನೋವುಂಡ ನರಗಳು ಸಣ್ಣ ಸಂಕೇತವನ್ನೂ ದೊಡ್ಡದು ಮಾಡಿ ಮಿದುಳಿಗೆ ಮುಟ್ಟಿಸುತ್ತವೆ. ನೋವಿಗೆ ಹೆದರಿ ಕೆಳಹೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡು, ಆ ಬಿಗಿತವೇ ಇನ್ನೊಂದು ನೋವಾಗುತ್ತದೆ.

ಐಸಿ ಇರುವ ಅನೇಕರಿಗೆ ಕರುಳಿನ ಕಿರಿಕಿರಿ, ಎಂಡೊಮೆಟ್ರಿಯೋಸಿಸ್, ಮೈಗ್ರೇನ್, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಕೂಡ ಇರುತ್ತವೆ. ಒಬ್ಬರು ಕರುಳಿಗೆ, ಇನ್ನೊಬ್ಬರು ಗರ್ಭಕೋಶಕ್ಕೆ, ಮತ್ತೊಬ್ಬರು ತಲೆನೋವಿಗೆ ಮದ್ದು ಕೊಡುತ್ತಾ ಹೋದರೆ ಇಡೀ ಮನುಷ್ಯಳನ್ನು ನೋಡುವವರೇ ಇರುವುದಿಲ್ಲ.

ಗುರುತಿಸುವುದು ಹೇಗೆ

ಈ ಕಾಯಿಲೆಗೆ ಒಂದೇ ರಕ್ತಪರೀಕ್ಷೆ, ಒಂದೇ ಸ್ಕ್ಯಾನ್ ಇಲ್ಲ. ಇರುವ ದಾರಿ ಬೇರೆಯದನ್ನು ಒಂದೊಂದಾಗಿ ಹೊರಗಿಡುವುದು. ಸೋಂಕು, ಕಲ್ಲು, ಸಕ್ಕರೆ ಕಾಯಿಲೆ, ಗರ್ಭಕೋಶದ ತೊಂದರೆ ಇವೆಲ್ಲ ಪಟ್ಟಿಯಲ್ಲಿವೆ. ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಮೂತ್ರಕೋಶದ ಕ್ಷಯದಲ್ಲಿ ಮೂತ್ರದಲ್ಲಿ ಕೀವಿದ್ದರೂ ಮಾಮೂಲಿ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಚೀಲ ಕ್ರಮೇಣ ಮುದುಡುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಬೀಡಿ-ಸಿಗರೇಟಿನ ಚಟವಿದ್ದರೆ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬಾರದು. ಇದಕ್ಕಾಗಿ ಯೂರಾಲಜಿಸ್ಟರು ಸಿಸ್ಟೊಸ್ಕೋಪಿ ಮಾಡಿ, ಸಣ್ಣ ಕೊಳವೆಯಲ್ಲಿ ಕ್ಯಾಮೆರಾ ಇಳಿಸಿ, ಒಳಗೋಡೆ ನೋಡುತ್ತಾರೆ. ಹನ್ನರ್ ಗಾಯ ಇದೆಯೋ ಇಲ್ಲವೋ ತಿಳಿಯುವುದೂ ಇದರಿಂದಲೇ.

ರೋಗಿ ತಾನೇ ಮಾಡಬಹುದಾದ, ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಮೂರು ದಿನ ಒಂದು ನೋಟುಬುಕ್ಕಿನಲ್ಲಿ ಎಷ್ಟು ಹೊತ್ತಿಗೆ ಏನು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಎಷ್ಟು ಮಿಲಿಲೀಟರ್ ಆಯಿತು, ನೋವು ಹತ್ತಕ್ಕೆ ಎಷ್ಟು ಎಂದು ಬರೆದಿಡುವುದು. ಅಳೆಯಲು ಗೆರೆ ಹಾಕಿದ ಹಳೆಯ ಪ್ಲಾಸ್ಟಿಕ್ ಲೋಟ ಸಾಕು. "ತುಂಬಾ ಸಲ ಹೋಗ್ತೀನಿ ಡಾಕ್ಟ್ರೇ" ಎಂಬ ಮಾತು ಗಾಳಿಗೆ ಹೋಗುತ್ತದೆ. "ದಿನಕ್ಕೆ 22 ಸಲ, ಪ್ರತಿಸಲ 80 ಮಿಲಿಲೀಟರ್" ಎಂಬ ಪುಟವನ್ನು ಯಾರೂ ತಳ್ಳಿಹಾಕಲಾರರು. ಪ್ರಯೋಗಾಲಯದ ಕಾಗದ ಹೇಳದ್ದನ್ನು ಈ ಕಾಗದ ಹೇಳುತ್ತದೆ.

ಕಲ್ಚರ್ ಮಾಡಿಸದೆ, ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ಆ್ಯಂಟಿಬಯಾಟಿಕ್ ಕೊಳ್ಳುವುದು ಈ ರೋಗಿಗಳಲ್ಲಿ ಬಹಳ. ಅದರಿಂದ ನೋವು ಹೋಗುವುದಿಲ್ಲ, ಕರುಳು ಕೆಡುತ್ತದೆ. ನಾಳೆ ನಿಜವಾದ ಸೋಂಕು ಬಂದಾಗ ಮದ್ದು ನಾಟದೇ ಹೋಗಬಹುದು. ಐಸಿಗೆ ದೀರ್ಘಕಾಲ ಆ್ಯಂಟಿಬಯಾಟಿಕ್ ಕೊಡಬಾರದೆಂದು ಅಮೆರಿಕದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಮದ್ದುಗಳ ಸಾಲು

ಈ ಕಾಯಿಲೆಯನ್ನು ಬುಡಸಮೇತ ಕೀಳುವ ಮದ್ದಿಲ್ಲ. ಹತೋಟಿಗೆ ತರುವ ದಾರಿಗಳು ಬೇಕಾದಷ್ಟಿವೆ. ಮೊದಲು ಮೆಟ್ಟಿಲು ಹತ್ತಿದಂತೆ ಒಂದಾದ ಮೇಲೊಂದು ಚಿಕಿತ್ಸೆ ಎಂಬ ಕ್ರಮವಿತ್ತು. 2022ರ ಪರಿಷ್ಕೃತ ಮಾರ್ಗಸೂಚಿ ಅದನ್ನು ಕೈಬಿಟ್ಟು, ಯಾರಿಗೆ ಯಾವುದು ಹೊಂದುತ್ತದೋ ಅದನ್ನು ವೈದ್ಯರೂ ರೋಗಿಯೂ ಕೂತು ಆರಿಸಬೇಕೆಂದಿತು.

ಮಾತ್ರೆಗಳಲ್ಲಿ ಅಮಿಟ್ರಿಪ್ಟಿಲಿನ್ ಹಳೆಯದು. ಖಿನ್ನತೆಗೆಂದು ಬಂದ ಔಷಧ, ಇಲ್ಲಿ ಸಣ್ಣ ಪ್ರಮಾಣದಲ್ಲಿ ನರದ ನೋವು ತಗ್ಗಿಸಲು ಬಳಕೆಯಾಗುತ್ತದೆ. ಚೀಟಿಯಲ್ಲಿ ಆ ಹೆಸರು ಕಂಡು "ನನಗೆ ಹುಚ್ಚಿನ ಮಾತ್ರೆ ಬರೆದರು" ಎಂದು ಬಿಸಾಡಿದವರಿದ್ದಾರೆ. ವೈದ್ಯರು ಎರಡು ನಿಮಿಷ ಬಿಡಿಸಿ ಹೇಳಿದರೆ ಆ ತಪ್ಪು ಆಗದು. ಪೆಂಟೋಸಾನ್ ಪಾಲಿಸಲ್ಫೇಟ್‌ಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಅದನ್ನು ಬಹಳ ವರ್ಷ ನುಂಗಿದ ಕೆಲವರ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾದದ್ದು ವರದಿಯಾಯಿತು, 2020ರಲ್ಲಿ ಔಷಧದ ಚೀಟಿಗೆ ಎಚ್ಚರಿಕೆ ಸೇರಿತು. ಇದನ್ನು ತೆಗೆದುಕೊಳ್ಳುವವರು ಕಣ್ಣಿನ ತಪಾಸಣೆ ತಪ್ಪಿಸಬಾರದು.

ಕೊಳವೆಯ ಮೂಲಕ ಮೂತ್ರಕೋಶಕ್ಕೇ ಔಷಧ ತುಂಬಿಸುವ ಪದ್ಧತಿಯೂ ಇದೆ. ಡಿಎಂಎಸ್‌ಒ ಎಂಬ ದ್ರಾವಣಕ್ಕೆ 1978ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಹೆಪಾರಿನ್, ಲಿಗ್ನೊಕೇನ್ ಕೂಡ ಬಳಕೆಯಲ್ಲಿವೆ. ಹನ್ನರ್ ಗಾಯವಿದ್ದವರಿಗೆ ಆ ಜಾಗವನ್ನು ಸುಡುವುದು ಅಥವಾ ಅಲ್ಲಿಗೆ ಸ್ಟೀರಾಯ್ಡ್ ಚುಚ್ಚುವುದು ಬಹಳ ಸಲ ದೊಡ್ಡ ಪರಿಹಾರ ಕೊಡುತ್ತದೆ. ಬೊಟಾಕ್ಸ್ ಚುಚ್ಚುಮದ್ದು, ಬೆನ್ನಹುರಿಯ ಕೆಳನರಗಳಿಗೆ ವಿದ್ಯುತ್ ಸಂಕೇತ ಕೊಡುವ ಸಾಧನ ಆಮೇಲಿನವು. ಮೂತ್ರಕೋಶವನ್ನೇ ತೆಗೆಯುವ ಶಸ್ತ್ರಕ್ರಿಯೆ ಕೊನೆಯ ಬಾಗಿಲು, ಅಪರೂಪಕ್ಕೆ ಮಾತ್ರ.

ಹೆಚ್ಚು ಪ್ರಚಾರ ಸಿಗಬೇಕಾದದ್ದು ಫಿಸಿಯೊಥೆರಪಿಗೆ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 81 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೆಳಹೊಟ್ಟೆಯ ಬಿಗಿದ ಸ್ನಾಯುಗಳನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ, ಇನ್ನೊಂದಕ್ಕೆ ಮೈಗೆಲ್ಲ ಮಸಾಜ್ ಕೊಟ್ಟರು. ಮೊದಲ ಗುಂಪಿನಲ್ಲಿ ನೂರಕ್ಕೆ 59 ಮಂದಿ, ಎರಡನೆಯದರಲ್ಲಿ 26 ಮಂದಿ ಸುಧಾರಿಸಿದರು. ಇಲ್ಲೊಂದು ಎಚ್ಚರಿಕೆ ಬೇಕು. ಬಾಣಂತಿಯರಿಗೆ ಹೇಳಿಕೊಡುವ, ಸ್ನಾಯು ಬಿಗಿಹಿಡಿಯುವ ಕೀಗಲ್ ವ್ಯಾಯಾಮ ಇಲ್ಲಿ ಉಲ್ಟಾ ಹೊಡೆಯಬಹುದು. ಇವರಿಗೆ ಬೇಕಾದದ್ದು ಬಿಗಿಯುವ ಪಾಠವಲ್ಲ, ಸಡಿಲಬಿಡುವ ಪಾಠ.

ಅಡುಗೆಮನೆ

ಕಾಫಿ, ಟೀ, ಸೋಡಾ ಪಾನೀಯ, ಮದ್ಯ, ಟೊಮೆಟೊ, ನಿಂಬೆ-ಕಿತ್ತಳೆಯಂಥ ಹುಳಿಹಣ್ಣು, ವಿನೆಗರ್, ಖಾರ, ಕೃತಕ ಸಿಹಿ: ನೋವು ಕೆರಳಿಸುತ್ತವೆಂದು ರೋಗಿಗಳು ಮತ್ತೆ ಮತ್ತೆ ಹೇಳುವ ಪಟ್ಟಿ ಇದು. ಕನ್ನಡದ ಅಡುಗೆಮನೆಗೆ ಇದನ್ನು ತಂದರೆ ತಿಳಿಸಾರು, ಹುಳಿ, ಚಿತ್ರಾನ್ನ, ಪುಳಿಯೋಗರೆ, ಉಪ್ಪಿನಕಾಯಿ, ಬೆಳಗಿನ ಫಿಲ್ಟರ್ ಕಾಫಿ ಎಲ್ಲ ಅನುಮಾನಕ್ಕೆ ಒಳಗಾಗುತ್ತವೆ. ಇವೆಲ್ಲವನ್ನೂ ಒಟ್ಟಿಗೆ ಬಿಟ್ಟರೆ ತಟ್ಟೆಯಲ್ಲಿ ಉಳಿಯುವುದು ಸಪ್ಪೆ ಅನ್ನ, ಜೊತೆಗೆ ಮನೆಯವರ ಬೇಸರ.

ಹಾಗೆ ಬಿಡಬೇಕಾಗಿಯೂ ಇಲ್ಲ. ಈ ಪಟ್ಟಿಯ ಎಲ್ಲವೂ ಎಲ್ಲರಿಗೂ ನೋವು ಕೆರಳಿಸುತ್ತವೆ ಎನ್ನುವುದು ತಪ್ಪು. ಕೆಲವು ವಾರ ಅನುಮಾನದ ಪದಾರ್ಥ ಬಿಟ್ಟು, ಆಮೇಲೆ ಒಂದೊಂದನ್ನೇ ವಾಪಸು ತಂದು, ನೋಟುಬುಕ್ಕಿನಲ್ಲಿ ಬರೆದು ನೋಡಿದರೆ ತನ್ನ ವೈರಿ ಯಾವುದೆಂದು ಗೊತ್ತಾಗುತ್ತದೆ. ಒಬ್ಬರಿಗೆ ಹುಣಸೆ ಆಗದು, ಮೆಣಸು ಆದೀತು. ಮತ್ತೊಬ್ಬರಿಗೆ ಕಾಫಿ ಒಂದನ್ನು ಬಿಟ್ಟರೆ ಸಾಕು. ಬರಿ ತೊವ್ವೆ, ಹೆಸರುಬೇಳೆ ಪೊಂಗಲ್, ಸೋರೆಕಾಯಿ ಪಲ್ಯ, ರಾಗಿ ಗಂಜಿ ಹೆಚ್ಚಿನವರಿಗೆ ಸೌಮ್ಯ. ನೀರು ಕುಡಿಯುವುದನ್ನು ಮಾತ್ರ ನಿಲ್ಲಿಸಬಾರದು. ಪದೇ ಪದೇ ಹೋಗಬೇಕಾಗುತ್ತದೆಂದು ಬಾಯಿ ಒಣಗಿಸಿಕೊಂಡರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ. ಗುಟುಕು ಗುಟುಕಾಗಿ ದಿನವಿಡೀ ಕುಡಿಯುವುದು ಒಳ್ಳೆಯದು.

ಹೊಸಿಲಿನಾಚೆ

ನೋವು ದೇಹದ್ದಾದರೂ ಕಷ್ಟದ ಅರ್ಧಭಾಗ ಊರು ಕಟ್ಟಿದ ರೀತಿಯಲ್ಲಿದೆ. ಶೌಚಾಲಯ ಎಲ್ಲಿದೆ ಎಂಬುದೇ ಈ ರೋಗಿಗಳ ಭೂಪಟ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಟಿಕೆಟ್ಟಿನ ಚಿಂತೆ ಹೋದರೂ, ಬಸ್ಸು ಎಲ್ಲಿ ನಿಲ್ಲುತ್ತದೆ, ನಿಂತ ಕಡೆ ಹೋಗುವಂಥ ಜಾಗ ಇದೆಯೇ ಎಂಬ ಚಿಂತೆಯಿಂದ ಮನೆಯಲ್ಲೇ ಉಳಿಯುವವರಿದ್ದಾರೆ. ಮದುವೆಮನೆ, ದೇವಸ್ಥಾನದ ಸಾಲು, ಬೆಂಗಳೂರಿನ ಟ್ರಾಫಿಕ್ಕು ಎಲ್ಲದರಲ್ಲೂ ಇದೇ ಲೆಕ್ಕ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವವಳು, ಬಸ್ಸಿನ ಕಂಡಕ್ಟರ್, ಬೀದಿ ಗುಡಿಸುವ ಪೌರಕಾರ್ಮಿಕಳು ಬೇಕೆಂದಾಗ ಎದ್ದು ಹೋಗಲಾರರು. ಕಾರ್ಖಾನೆಯಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು 1948ರ ಕಾಯ್ದೆಯೇ ಹೇಳಿತ್ತು. ಅಲ್ಲಿಗೆ ಹೋಗಿಬರುವ ನಿಮಿಷಗಳನ್ನು ಎಣಿಸದ ಮೇಲ್ವಿಚಾರಕರು ಸಿಗುವುದು ಇನ್ನೊಂದು ಮಾತು.

ಬೇರೆ ಕಡೆ ಏನೇನು ಮಾಡಿದ್ದಾರೆಂದು ನೋಡಿ. ಅಮೆರಿಕದ ಇಲಿನಾಯ್ ರಾಜ್ಯ 2005ರಲ್ಲಿ ಒಂದು ಕಾನೂನು ತಂದಿತು. ಕರುಳಿನ ಕಾಯಿಲೆಯಿದ್ದ ಒಬ್ಬ ಹುಡುಗಿಗೆ ಅಂಗಡಿಯೊಂದು ತನ್ನ ಶೌಚಾಲಯ ಬಳಸಲು ಬಿಡದಿದ್ದುದೇ ಅದಕ್ಕೆ ಕಾರಣ. ಇಂಥ ಕಾಯಿಲೆಯವರಿಗೆ ಅಂಗಡಿಗಳು ಬಾಗಿಲು ತೆರೆಯಬೇಕೆಂಬ ಆ ನಿಯಮ ಆಕೆಯ ಹೆಸರಿನಲ್ಲಿ 'ಆಲಿಯ ಕಾನೂನು' ಆಯಿತು. ಬ್ರಿಟನ್ನಿನಲ್ಲಿ 'ಕಾಯಲಾರೆ' ಎಂಬರ್ಥದ ಒಂದು ಚೀಟಿ ತೋರಿಸಿದರೆ ಸಾಕು, ವಿವರಣೆ ಕೊಡಬೇಕಿಲ್ಲ. ಜಪಾನ್ 2015ರಲ್ಲಿ ಹನ್ನರ್ ಬಗೆಯ ಐಸಿಯನ್ನು ಸರ್ಕಾರದ ನೆರವಿಗೆ ಅರ್ಹವಾದ ಗುಣಪಡಿಸಲು ಕಷ್ಟದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳಲ್ಲಿ ಈ ನೋವಿಗೆ ಜಾಗವಿಲ್ಲ.

ಮನೆಯೊಳಗಿನದು ಇನ್ನೂ ಮೌನದ ವಿಷಯ. ಐಸಿ ಇದ್ದ ಅನೇಕರಿಗೆ ದಾಂಪತ್ಯದ ಕೂಡುವಿಕೆ ನೋವು ತರುತ್ತದೆ. ಹೇಳಿಕೊಳ್ಳಲು ನಾಚಿಕೆ, ಹೇಳದಿದ್ದರೆ ತಪ್ಪು ತಿಳುವಳಿಕೆ. ಗಂಡನನ್ನೂ ಒಮ್ಮೆ ವೈದ್ಯರ ಮುಂದೆ ಕೂರಿಸಿ ಮಾತಾಡಿಸುವುದು ಅರ್ಧ ಜಗಳವನ್ನು ತಡೆಯುತ್ತದೆ. ನಿದ್ದೆಗೆಟ್ಟ ರಾತ್ರಿಗಳು ಸೇರಿ ಸೇರಿ ಮನಸ್ಸು ಕುಸಿಯುತ್ತದೆ. ರ‍್ಯಾಂಡ್ ಸಮೀಕ್ಷೆಯ ಮಹಿಳೆಯರಲ್ಲಿ ನೂರಕ್ಕೆ ಸುಮಾರು 11 ಮಂದಿ, ಹಿಂದಿನ ಎರಡು ವಾರಗಳಲ್ಲಿ ಸಾಯುವ ಯೋಚನೆ ಬಂದಿತ್ತೆಂದರು. ಮನಸ್ಸು ಕುಸಿದದ್ದರಿಂದ ನೋವು ಬಂತೆಂದು ಇದಕ್ಕೆ ಅರ್ಥವಲ್ಲ, ನೋವು ಮನಸ್ಸನ್ನೂ ತಿನ್ನುತ್ತದೆಂದು ಅರ್ಥ. ಅಂಥ ಯೋಚನೆ ಬಂದವರು 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು-ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಜೊತೆಗಾರರು

ಬೆಂಬಲ ಎಂದರೆ ಚಿಕಿತ್ಸೆ ಮುಗಿದ ಮೇಲಿನ ಸಾಂತ್ವನವೆಂದು ನಾವು ತಿಳಿದಿದ್ದೇವೆ. ಈ ಕಾಯಿಲೆಯ ಚರಿತ್ರೆ ಬೇರೆ ಹೇಳುತ್ತದೆ. ರೋಗಿಗಳು ಒಬ್ಬರನ್ನೊಬ್ಬರು ಕಂಡುಕೊಂಡ ಮೇಲೆಯೇ ಸಂಶೋಧನೆ ಚುರುಕಾಯಿತು, ವ್ಯಾಖ್ಯೆ ಬದಲಾಯಿತು, ಲೆಕ್ಕ ಸರಿಯಾಯಿತು. ನೆದರ್ಲೆಂಡ್ಸ್‌ನ ಇಂಟರ್‌ನ್ಯಾಷನಲ್ ಪೇನ್‌ಫುಲ್ ಬ್ಲ್ಯಾಡರ್ ಫೌಂಡೇಷನ್ ರೋಗಿಗಳಿಗೂ ವೈದ್ಯರಿಗೂ ಮಾಹಿತಿ ಒದಗಿಸುತ್ತದೆ. ಭಾರತದ ಯೂರಾಲಜಿಸ್ಟರು ಮುಂದೆ ನಿಂತು ಕಟ್ಟಿದ 'ಗಿಬ್ಸ್' ಎಂಬ ಸಂಘ ಇದೇ ನೋವಿನ ಬಗ್ಗೆ ಸಮ್ಮೇಳನ ನಡೆಸುತ್ತದೆ.

ಕನ್ನಡದಲ್ಲಿ ಕೂತು ಮಾತಾಡುವ ಕೂಟಗಳು ಬೇಕು. ಅದಕ್ಕೆ ಕಟ್ಟಡ ಬೇಡ, ನೋಂದಣಿ ಬೇಡ. ಒಬ್ಬ ಯೂರಾಲಜಿಸ್ಟ್ ಅಥವಾ ಫಿಸಿಯೊಥೆರಪಿಸ್ಟ್ ತನ್ನ ಬಳಿ ಬರುವ ನಾಲ್ಕು ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಕೂರಿಸಿದರೆ ಸಾಕು. "ರಾತ್ರಿ ಎಷ್ಟು ಸಲ ಎದ್ದಿರಿ?" ಎಂದು ಒಬ್ಬಳು, "ಆರು" ಎಂದು ಇನ್ನೊಬ್ಬಳು ಹೇಳಿದಾಗ ಇಬ್ಬರ ಹೆಗಲೂ ಇಳಿಯುತ್ತವೆ. ಯಾರಿಗೆ ಯಾವ ಮಾತ್ರೆ ನಿದ್ದೆ ತಂದಿತು, ಬಿಸಿನೀರಿನ ಚೀಲ ಎಲ್ಲಿಟ್ಟರೆ ಹಿತ, ಹೆದ್ದಾರಿಯಲ್ಲಿ ಯಾವ ಹೋಟೆಲಿನ ಶೌಚಾಲಯ ಚೊಕ್ಕಟ ಎಂಬ ಜ್ಞಾನ ಯಾವ ಪುಸ್ತಕದಲ್ಲೂ ಇಲ್ಲ. ಒಂದೇ ಕಟ್ಟುಪಾಡು ಇರಲಿ: ಒಬ್ಬರ ಮದ್ದನ್ನು ಇನ್ನೊಬ್ಬರು ವೈದ್ಯರನ್ನು ಕೇಳದೆ ನುಂಗಬಾರದು, 'ಗ್ಯಾರಂಟಿ ಗುಣ' ಎಂದು ಮಾರಲು ಬರುವವರಿಗೆ ಅಲ್ಲಿ ಜಾಗ ಕೊಡಬಾರದು.

ಮನೆಯವರಿಂದ ಬೇಕಾದದ್ದು ಇದಕ್ಕಿಂತ ಸಣ್ಣದು. ಹುಣಸೆ ಹಿಂಡುವ ಮೊದಲು ಒಂದು ಬಟ್ಟಲು ಬೇಳೆ ಎತ್ತಿಡುವುದು, ಬಸ್ಸಿನಲ್ಲಿ ದಾರಿ ಪಕ್ಕದ ಸೀಟು ಬಿಟ್ಟುಕೊಡುವುದು, "ಮತ್ತೆ ಹೋಗ್ಬೇಕಾ?" ಎಂದು ಕೇಳದೆ ಗಾಡಿ ನಿಲ್ಲಿಸುವುದು.

ಇನ್ನೊಂದು ಕೆಲಸ, ಆ ಆಸ್ಪತ್ರೆಯ ಕೋಣೆಯಲ್ಲೇ ಆಗಬೇಕಾದದ್ದು. "ಎಲ್ಲ ನಾರ್ಮಲ್" ಎಂದು ಡಾಕ್ಟರು ಕಾಗದ ಮಡಿಸುವಾಗ ಜೊತೆಗೆ ಬಂದವರು ಎದ್ದು ಹೊರಡಬಾರದು. "ಸೋಂಕಿಲ್ಲ ಅಂತ ಗೊತ್ತಾಯ್ತು ಡಾಕ್ಟ್ರೇ. ಇವಳಿಗೆ ನೋವಂತೂ ಇದೆ, ನಾನೇ ನೋಡಿದ್ದೀನಿ. ಹಾಗಾದರೆ ಅದು ಎಲ್ಲಿಂದ ಬರ್ತಿದೆ?" ಎಂದು ಕೇಳಬೇಕು. ಕೇಳುವಾಗ ಆ ಮೂರು ದಿನದ ನೋಟುಬುಕ್ಕು ಮೇಜಿನ ಮೇಲಿರಲಿ.